ಸೆಟ್ ಕಡಿಮೆ ಮಾಡಿ ಭಾರ ಹೆಚ್ಚಿಸಬೇಕಾ? ವಾಲ್ಯೂಮ್ ಟ್ರೈನಿಂಗ್ ಬಿಡಬೇಕೆನ್ನುವವರಿಗೆ ನಾಲ್ಕು ದಾರಿಗಳ ಹೋಲಿಕೆ

"ಎರಡು ವರ್ಷದಿಂದ ವಾರಕ್ಕೆ ಆರು ದಿನ ಬರ್ತಿದ್ದೀನಿ ಅಣ್ಣಾ. ದಿನಕ್ಕೆ ಇಪ್ಪತ್ತು ಸೆಟ್. ಆದ್ರೂ ಬೆಂಚ್‌ನಲ್ಲಿ ಅದೇ 60 ಕೆಜಿ. ಸೆಟ್ ಕಡಿಮೆ ಮಾಡಿ ಹೆವಿ ಹೊಡೀಲಾ?"

ಜಿಮ್‌ನಲ್ಲಿ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಈಚೆಗೆ ಹೆಚ್ಚು ಕಡಿಮೆ ಇದೇ. (ಹೊಸಬರಿಗೆ: ಭಾರವನ್ನು ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್. ನಿಲ್ಲಿಸದೆ ಮಾಡುವ ರೆಪ್‌ಗಳ ಒಂದು ಕಂತು ಸೆಟ್. ಒಟ್ಟು ಸೆಟ್‌ಗಳ ಕೆಲಸವೇ ವಾಲ್ಯೂಮ್. ಮಲಗಿ ರಾಡನ್ನು ಎದೆಯಿಂದ ಮೇಲೆ ತಳ್ಳುವುದು ಬೆಂಚ್.) ಕೇಳುವವರು ಮಾತ್ರ ಬೇರೆ ಬೇರೆ. ಕಾಲೇಜು ಹುಡುಗರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬರುವವರಿದ್ದಾರೆ. ಮಗು ಹುಟ್ಟಿದ ಮೇಲೆ ಒಂದು ಗಂಟೆ ಬಿಡುವು ಸಿಗುವುದೇ ಕಷ್ಟ ಅನ್ನುವ ತಾಯಂದಿರಿದ್ದಾರೆ. ಐವತ್ತು ದಾಟಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬರುವವರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಅದಕ್ಕೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ.

ಒಂದು ಮಾತು, ಎರಡು ಅರ್ಥ

"ಇಂಟೆನ್ಸಿಟಿ" ಎಂಬ ಮಾತಿನಲ್ಲೇ ಅರ್ಧ ಗೊಂದಲ ಇದೆ. ವೇಟ್‌ಲಿಫ್ಟಿಂಗ್, ಪವರ್‌ಲಿಫ್ಟಿಂಗ್ ಮಾಡುವವರಿಗೆ ಹಾಗೆಂದರೆ ರಾಡಿನ ಮೇಲಿರುವ ಭಾರ ಎಂದು ಅರ್ಥ. ನೀವು ಒಂದೇ ಒಂದು ಸಲ ಎತ್ತಬಲ್ಲ ಹೆಚ್ಚಿನ ಭಾರ 100 ಕೆಜಿ ಇದ್ದರೆ, 85 ಕೆಜಿ ಎತ್ತುವುದು ಅವರ ಲೆಕ್ಕದಲ್ಲಿ 85 ಪರ್ಸೆಂಟ್ ಇಂಟೆನ್ಸಿಟಿ. ಬಾಡಿಬಿಲ್ಡಿಂಗ್ ಕಡೆಯವರು ಅದೇ ಮಾತನ್ನು ಶ್ರಮಕ್ಕೆ ಬಳಸುತ್ತಾರೆ. ಕೈಯಲ್ಲಿ 40 ಕೆಜಿ ಇದ್ದರೂ ಸರಿ, ಇನ್ನೊಂದು ರೆಪ್ ಸಾಧ್ಯವೇ ಇಲ್ಲ ಎನ್ನುವ ತನಕ ಹೊಡೆದರೆ ಅದು ಹೈ ಇಂಟೆನ್ಸಿಟಿ. ಓಡು, ನಿಲ್ಲು, ಮತ್ತೆ ಓಡು ಎನ್ನುವ ಇಂಟರ್ವಲ್ ಕಾರ್ಡಿಯೋ ಇದೆಯಲ್ಲ, ಅದು ಮೂರನೆಯ ಸಂಗತಿ. ಅದಕ್ಕೂ ಇಲ್ಲಿನ ವಿಷಯಕ್ಕೂ ಸಂಬಂಧವಿಲ್ಲ.

ಹಾಗಾಗಿ "ವಾಲ್ಯೂಮ್ ಬಿಟ್ಟು ಹೈ ಇಂಟೆನ್ಸಿಟಿಗೆ ಬರ್ತೀನಿ" ಅನ್ನುವವರ ಮುಂದೆ ಇರುವುದು ಒಂದು ದಾರಿಯಲ್ಲ, ಎರಡು. ಕಡಿಮೆ ಸೆಟ್‌ನಲ್ಲಿ ಪೂರ್ತಿ ಸೋಲುವ ತನಕ ಹೊಡೆಯುವುದು ಒಂದು. ಕಡಿಮೆ ರೆಪ್‌ನಲ್ಲಿ ಹೆಚ್ಚು ಭಾರ ಎತ್ತುವುದು ಇನ್ನೊಂದು. ಎರಡೂ ದೇಹದಿಂದ ಕೇಳುವುದು ಬೇರೆ, ಕೊಡುವುದೂ ಬೇರೆ.

ನಮ್ಮ ಊರುಗಳಿಗೆ ಈ ಜಗಳ ಹೊಸದೇನಲ್ಲ. ಗರಡಿ ಮನೆಯ ಸಾಮು ನೋಡಿ. ನೂರಾರು ದಂಡ, ನೂರಾರು ಬಸ್ಕಿ, ಎಲ್ಲವೂ ತನ್ನ ಮೈತೂಕದಲ್ಲಿ. ಅದು ಅಪ್ಪಟ ವಾಲ್ಯೂಮ್. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿ. ಒಂದೇ ಕಲ್ಲು, ಒಂದೇ ಸಲ, ಮೈಯಲ್ಲಿರುವ ಬಲವೆಲ್ಲ ಅದಕ್ಕೇ. ಕುಸ್ತಿಗೆ ಬೇಕಾದ ದಮ್ಮು ಮೊದಲನೆಯದರಿಂದ ಬರುತ್ತದೆ. ಕಲ್ಲನ್ನು ನೆಲದಿಂದ ಬಿಡಿಸುವ ತಾಕತ್ತು ಎರಡನೆಯದರಿಂದ ಬರುತ್ತದೆ.

ಯಾವುದರ ಮೇಲೆ ಅಳೆಯಬೇಕು

ಆಯ್ಕೆಗೆ ಮುಂಚೆ ಆರು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ. ನಿಮಗೆ ಬೇಕಾಗಿರುವುದು ಮೈಯ ಗಾತ್ರವೋ ಬಲವೋ? ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ? ಭುಜ, ಮೊಣಕಾಲು, ಸೊಂಟ ಈಗ ಹೇಗಿವೆ? ನಿದ್ದೆ, ಊಟ ಸರಿಯಾಗಿದೆಯಾ? ನಿಮ್ಮ ಜಿಮ್‌ನಲ್ಲಿ ರಾಡ್ ಇಡುವ ಕಂಬಗಳ ಚೌಕಟ್ಟು, ಅಂದರೆ ಸ್ಕ್ವಾಟ್ ರ‍್ಯಾಕ್ ಇದೆಯಾ, ಭಾರ ಸಿಕ್ಕಿಬಿದ್ದರೆ ಹಿಡಿದುಕೊಳ್ಳಲು, ಅಂದರೆ ಸ್ಪಾಟ್ ಹಿಡಿಯಲು, ನಂಬಿಕಸ್ತ ಜತೆಗಾರ ಇದ್ದಾನಾ? ತಿಂಗಳಿಗೆ ಎಷ್ಟು ದುಡ್ಡು ಹಾಕಬಲ್ಲಿರಿ?

ಇವುಗಳಲ್ಲಿ ಜನ ಮೊದಲನೆಯದನ್ನು ಮಾತ್ರ ಯೋಚಿಸುತ್ತಾರೆ. ನನ್ನ ಪ್ರಕಾರ ನಿಜವಾಗಿ ತೀರ್ಮಾನ ಮಾಡುವುದು ನಾಲ್ಕನೆಯದು ಮತ್ತು ಐದನೆಯದು. ಐದು ಗಂಟೆ ನಿದ್ದೆ ಮಾಡುವವನಿಗೆ ಎಂಥ ಒಳ್ಳೆ ಶೆಡ್ಯೂಲ್ ಕೊಟ್ಟರೂ ಅದು ಸಾಲದ ಮೇಲೆ ಸಾಲ ಇದ್ದಂತೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಭಾರ ಎತ್ತುವಾಗ ಉಸಿರು ಬಿಗಿ ಹಿಡಿದರೆ ಆ ಕ್ಷಣಕ್ಕೆ ರಕ್ತದೊತ್ತಡ ಜೋರಾಗಿ ಏರುತ್ತದೆ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರು ಡಾಕ್ಟರನ್ನು ಕೇಳದೆ ಈ ಬದಲಾವಣೆಗೆ ಕೈ ಹಾಕಬೇಡಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ರಾಜ್ಯದಲ್ಲಿ ಎಷ್ಟೋ ಮನೆಗಳಲ್ಲಿ "ಜಿಮ್ಮೇ ಬೇಡ" ಎಂಬ ಮಾತು ಬಂತು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಜಿಮ್ ಬಿಡುವುದು ಅದಕ್ಕೆ ಉತ್ತರ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ನಲವತ್ತು ದಾಟಿದವರು, ಮನೆಯಲ್ಲಿ ಹೃದಯದ ಕಾಯಿಲೆಯ ಇತಿಹಾಸ ಇರುವವರು ಒಮ್ಮೆ ತೋರಿಸಿಕೊಂಡು ಬರುವುದು ಖಂಡಿತ ಒಳ್ಳೆಯದು.

ಬದಲಿಸುವ ಮುಂಚೆ ಒಂದು ಪರೀಕ್ಷೆ

ಮೈಸೂರಿನಲ್ಲಿ ನಾನು ಹೋಗುವ ಜಿಮ್‌ಗೆ ಒಬ್ಬ ಹುಡುಗ ಬರುತ್ತಾನೆ. ಚೆಸ್ಟ್ ಡೇ ಅಂದರೆ 22 ಸೆಟ್. ಬೆಂಚ್, ಇನ್‌ಕ್ಲೈನ್, ಡಂಬೆಲ್, ಕೇಬಲ್, ಕೊನೆಗೆ ಪುಷ್‌ಅಪ್. ಎದೆ ಬೆಳೀತಿಲ್ಲ ಅಂತ ಬೇಸರ ಮಾಡಿಕೊಂಡಿದ್ದ. ಒಂದು ಸಂಜೆ ಚೆಸ್ಟ್ ಪ್ರೆಸ್ ಮಷಿನ್‌ನಲ್ಲಿ ಅವನು ದಿನಾ 12 ರೆಪ್ ಹೊಡೆಯುವ ಭಾರವನ್ನೇ ಇಟ್ಟೆ. "ಎಣಿಸಬೇಡ, ನಾನು ಎಣಿಸ್ತೀನಿ. ಕೈ ನಿಲ್ಲೋ ತನಕ ಹೊಡಿ" ಅಂದೆ. ಹನ್ನೆರಡಕ್ಕೆ ಅಭ್ಯಾಸಬಲದಿಂದ ಅವನ ಕೈ ನಿಂತಿತು. "ಇನ್ನೂ ಇದೆ, ತಳ್ಳು" ಅಂದೆ. ಹದಿನಾಲ್ಕು, ಹದಿನೈದು ಸಲೀಸಾಗಿ ಬಂದವು. ಹದಿನಾರರಿಂದ ಹಿಡಿ ನಿಧಾನವಾಯಿತು. ಹತ್ತೊಂಬತ್ತನೆಯದು ಅರ್ಧದಲ್ಲಿ ನಿಂತು, ನಡುಗಿ, ಮೂರು ನಾಲ್ಕು ಸೆಕೆಂಡು ಹೋರಾಡಿ ಮೇಲೆ ಹೋಯಿತು. ಇಪ್ಪತ್ತನೆಯದು ಅಲುಗಾಡಲಿಲ್ಲ.

ಅಂದರೆ ಅವನು ದಿನಾ ಮಾಡುತ್ತಿದ್ದ ಪ್ರತಿ ಸೆಟ್ಟೂ ಏಳು ರೆಪ್ ಮುಂಚೆಯೇ ನಿಲ್ಲುತ್ತಿತ್ತು. ಸ್ನಾಯುವಿನಲ್ಲಿ ದೊಡ್ಡ ಎಳೆಗಳನ್ನು ದೇಹ ಸುಮ್ನೆ ಕೆಲಸಕ್ಕೆ ಕರೆಯುವುದಿಲ್ಲ. ಹಗುರ ಭಾರಕ್ಕೆ ಸಣ್ಣ ಎಳೆಗಳೇ ಸಾಕು. ಅವು ಸುಸ್ತಾಗುತ್ತಾ ಬಂದಾಗ, ಅಂದರೆ ಕೊನೆಯ ಕೆಲವು ರೆಪ್‌ಗಳಲ್ಲಿ, ದೊಡ್ಡ ಎಳೆಗಳು ಕೆಲಸಕ್ಕೆ ಇಳಿಯುತ್ತವೆ. ಭಾರ ಹೆಚ್ಚಿದ್ದರೆ ಮೊದಲ ರೆಪ್‌ನಿಂದಲೇ ಇಳಿಯುತ್ತವೆ. ಆ ಹುಡುಗನ 22 ಸೆಟ್‌ಗಳಲ್ಲಿ ಆ ಎಳೆಗಳಿಗೆ ಹೆಚ್ಚು ಕೆಲಸವೇ ಸಿಗುತ್ತಿರಲಿಲ್ಲ.

ನೀವೂ ಈ ಪರೀಕ್ಷೆ ಮಾಡಿ. ಮಷಿನ್ ಮೇಲೆ ಮಾಡಿ, ಬೆಂಚ್ ಮೇಲೆ ಬೇಡ. ನಿಮ್ಮ ಮಾಮೂಲಿ ಸೆಟ್‌ಗೂ ಸೋಲಿಗೂ ಒಂದರಿಂದ ಮೂರು ರೆಪ್ ಅಂತರ ಇದ್ದರೆ ನಿಮ್ಮ ಸೆಟ್‌ಗಳು ಸರಿಯಾಗಿಯೇ ಇವೆ. ನಿಮಗೆ ಬೇಕಿರುವುದು ಬಹುಶಃ ವಿಶ್ರಾಂತಿ ಅಥವಾ ಊಟ. ಐದು, ಆರು, ಏಳು ಇದ್ದರೆ ಶೆಡ್ಯೂಲ್ ಬದಲಿಸುವ ಮುಂಚೆ ಇರುವ ಸೆಟ್‌ಗಳನ್ನೇ ಸರಿಯಾಗಿ ಹೊಡೆಯಲು ಕಲಿಯಿರಿ. ನನ್ನನ್ನು ಕೇಳುವವರಲ್ಲಿ ಬಹಳ ಜನರ ಸಮಸ್ಯೆ ಇಷ್ಟೇ.

ಮೊದಲ ದಾರಿ: ವಾಲ್ಯೂಮ್‌ನಲ್ಲೇ ಉಳಿಯುವುದು, ಆದರೆ ಕತ್ತರಿಸಿ

ವಾಲ್ಯೂಮ್ ಎಂದರೆ ಕೆಟ್ಟದ್ದು ಎಂದು ಯಾರೂ ತಿಳಿಯಬೇಡಿ. ಗಾತ್ರ ಬೆಳೆಯಲು ವಾರಕ್ಕೆ ಒಂದು ಸ್ನಾಯುವಿಗೆ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಸೆಟ್ ಸಿಕ್ಕರೆ, ಐದಕ್ಕಿಂತ ಕಡಿಮೆ ಸಿಕ್ಕವರಿಗಿಂತ ಸರಾಸರಿಯಲ್ಲಿ ಫಲ ಹೆಚ್ಚು ಎಂದು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದವರು ಕಂಡುಕೊಂಡಿದ್ದಾರೆ. ಬಾಡಿಬಿಲ್ಡಿಂಗ್‌ನ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾವನ್ನು ಏಳು ಸಲ ಗೆದ್ದ ಆರ್ನಾಲ್ಡ್ ಶ್ವಾರ್ಜನೆಗರ್ ಬೆಳೆದದ್ದು ಈ ದಾರಿಯಲ್ಲೇ. ಭಾರ ಮಧ್ಯಮವಾಗಿರುವುದರಿಂದ ಕೀಲುಗಳ ಮೇಲೆ ಒಮ್ಮೆಲೇ ಬೀಳುವ ಒತ್ತಡ ಕಡಿಮೆ. ಡಂಬೆಲ್, ಕೇಬಲ್, ಮಷಿನ್ ಇರುವ ಬಡಾವಣೆಯ ಸಾಮಾನ್ಯ ಜಿಮ್ ಸಾಕು. ಜತೆಗಾರ ಬೇಕೆಂದಿಲ್ಲ.

ಬೆಲೆ ಏನೆಂದರೆ ಸಮಯ. 18 ಸೆಟ್, ಪ್ರತಿ ಸೆಟ್‌ಗೆ ವಿಶ್ರಾಂತಿ ಸೇರಿ ಎರಡೂವರೆ ನಿಮಿಷ ಎಂದರೆ 45 ನಿಮಿಷ. ವಾರ್ಮ್‌ಅಪ್ ಸೇರಿ ಒಂದು ಗಂಟೆ. ವಾರಕ್ಕೆ ಐದಾರು ದಿನ. ಒಂದು ದಿನ ತಪ್ಪಿದರೆ ಆ ವಾರ ಬೆನ್ನಿಗೋ ಕಾಲಿಗೋ ಕೆಲಸವೇ ಇಲ್ಲ. ನಮ್ಮಲ್ಲಿ ಹಬ್ಬ, ಮದುವೆ, ಊರಿಗೆ ಓಡಾಟ ಎಲ್ಲ ಸೇರಿದರೆ ತಪ್ಪುವ ದಿನಗಳೇ ಜಾಸ್ತಿ ಅಲ್ವಾ?

ಈ ದಾರಿಯಲ್ಲಿ ಇರುವವರು ನಿಜವಾಗಿ ಮಾಡಬೇಕಾದದ್ದು, ಒಂದೇ ದಿನ 20 ಸೆಟ್ ಎದೆಗೆ ಸುರಿಯುವುದನ್ನು ನಿಲ್ಲಿಸುವುದು. ಹತ್ತನೇ ಸೆಟ್ ಹೊತ್ತಿಗೆ ಸ್ನಾಯು ಸುಸ್ತಾಗಿರುತ್ತದೆ. ಮುಂದಿನದೆಲ್ಲ ಬೆವರು ಮಾತ್ರ. ಅದನ್ನು ಕತ್ತರಿಸಿ, ವಾರದಲ್ಲಿ ಎರಡು ದಿನಕ್ಕೆ ಆರಾರು ಸೆಟ್‌ನಂತೆ ಹಂಚಿ. ಬಹಳ ಜನಕ್ಕೆ ಇಷ್ಟರಲ್ಲೇ ಕೆಲಸ ಆಗುತ್ತದೆ.

ಎರಡನೆಯ ದಾರಿ: ಒಂದೇ ಸೆಟ್, ಸೋಲುವ ತನಕ

ಇದರ ಮೂಲಪುರುಷ ಆರ್ಥರ್ ಜೋನ್ಸ್. 1970ರಲ್ಲಿ ನಾಟಿಲಸ್ ಎಂಬ ವ್ಯಾಯಾಮ ಯಂತ್ರಗಳನ್ನು ಅಮೆರಿಕದಲ್ಲಿ ಹೊರತಂದವರು. ಪ್ರತಿ ವ್ಯಾಯಾಮಕ್ಕೆ ಒಂದೇ ಸೆಟ್, ಆದರೆ ಅದನ್ನು ಇನ್ನೊಂದು ರೆಪ್ ಆಗದ ತನಕ, ವಾರಕ್ಕೆ ಎರಡು ಮೂರು ದಿನ ಮಾತ್ರ ಎನ್ನುವುದು ಅವರ ವಾದ. ಅವರ ಪ್ರಭಾವಕ್ಕೆ ಬಂದ ಬಾಡಿಬಿಲ್ಡರ್ ಮೈಕ್ ಮೆಂಟ್ಜರ್ ಅದನ್ನು ಇನ್ನೂ ಕಡಿಮೆ ಮಾಡಿದರು. 1992ರಿಂದ 1997ರವರೆಗೆ ಸತತ ಆರು ಸಲ ಮಿಸ್ಟರ್ ಒಲಿಂಪಿಯಾ ಆದ ಡೋರಿಯನ್ ಯೇಟ್ಸ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಟೆಂಪಲ್ ಜಿಮ್‌ನಲ್ಲಿ ವಾರ್ಮ್‌ಅಪ್ ಸೆಟ್‌ಗಳಾದ ಮೇಲೆ ಒಂದೇ ಒಂದು ಜೀವ ಹಿಂಡುವ ಸೆಟ್ ಹೊಡೆಯುತ್ತಿದ್ದರು.

ಈ ಕಥೆಗಳನ್ನು ಕೇಳಿ ಉತ್ಸಾಹ ಬರುವುದು ಸಹಜ. ಆದರೆ ಪೂರ್ತಿ ಕೇಳಬೇಕು. 1973ರ ಮೇ ತಿಂಗಳಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೋನ್ಸ್ ನಡೆಸಿದ ಪ್ರಯೋಗವನ್ನು ಇವತ್ತಿಗೂ ಜನ ಎತ್ತಿ ಹೇಳುತ್ತಾರೆ. ಕೇಸಿ ವಿಯೇಟರ್ ಎಂಬ ಬಾಡಿಬಿಲ್ಡರ್ 28 ದಿನಗಳಲ್ಲಿ 20 ಕೆಜಿಗೂ ಹೆಚ್ಚು ತೂಕ ಏರಿಸಿಕೊಂಡರು. ಅವರು ಅದಕ್ಕೆ ಮುಂಚೆ ಅಪಘಾತವಾಗಿ ವ್ಯಾಯಾಮ ಬಿಟ್ಟು, ಮೊದಲು ಇದ್ದ ಮೈಯನ್ನು ಕಳೆದುಕೊಂಡಿದ್ದರು. ಒಮ್ಮೆ ಇದ್ದ ಸ್ನಾಯು ವಾಪಸ್ ಬರುವುದು ಹೊಸದಾಗಿ ಬೆಳೆಸುವುದಕ್ಕಿಂತ ಎಷ್ಟೋ ಬೇಗ. ಯೇಟ್ಸ್ ವಿಷಯದಲ್ಲೂ ಹಾಗೇ. 1994ರಲ್ಲಿ ಅವರ ಬೈಸೆಪ್ಸ್ ಹರಿಯಿತು. 1997ರಲ್ಲಿ ಟ್ರೈಸೆಪ್ಸ್ ಹರಿದು ಸ್ಪರ್ಧೆಯ ಬದುಕೇ ಮುಗಿಯಿತು. ಆ ಮಟ್ಟದ ಬಾಡಿಬಿಲ್ಡಿಂಗ್‌ನಲ್ಲಿ ಸ್ಟೀರಾಯ್ಡ್ ಪಾತ್ರ ಇದ್ದದ್ದನ್ನು ಅವರು ಬಹಿರಂಗವಾಗಿಯೇ ಒಪ್ಪಿಕೊಂಡಿದ್ದಾರೆ. ನಾವು ಅನ್ನ-ಸಾರು ತಿಂದು ಕೆಲಸಕ್ಕೆ ಹೋಗುವ ಜನ ಅವರ ಶೆಡ್ಯೂಲನ್ನು ಹಾಗೇ ಎತ್ತಿಕೊಳ್ಳುವುದು ಬೇಡ. ಒಳಗಿನ ತತ್ವ ಮಾತ್ರ ತೆಗೆದುಕೊಳ್ಳೋಣ.

ತತ್ವ ಗಟ್ಟಿಯಾಗಿದೆ. ಎಂಟು ವ್ಯಾಯಾಮ, ತಲಾ ಒಂದು ಒಳ್ಳೆ ಸೆಟ್, ನಡುವೆ ಎರಡು ಮೂರು ನಿಮಿಷ ಬಿಡುವು. 35-40 ನಿಮಿಷದಲ್ಲಿ ಮುಗಿಯುತ್ತದೆ. ವಾರಕ್ಕೆ ಎರಡು ದಿನ ಸಾಕು. ಸಮಯ ಇಲ್ಲದವರಿಗೆ ಇದಕ್ಕಿಂತ ಉಳಿತಾಯದ ದಾರಿ ನಾನು ನೋಡಿಲ್ಲ. ಈಗಾಗಲೇ ಗಳಿಸಿದ ಮೈಯನ್ನು ಉಳಿಸಿಕೊಳ್ಳಲು ಗಳಿಸುವಾಗ ಬೇಕಾದಷ್ಟು ಕೆಲಸ ಬೇಡ, ಹಾಗಾಗಿ ಬಿಡುವಿಲ್ಲದ ವರ್ಷಗಳಲ್ಲಿ ಇದು ಕೈ ಹಿಡಿಯುತ್ತದೆ. ಮಷಿನ್‌ಗಳ ಮೇಲೆ, ನಿಧಾನವಾಗಿ ಮಾಡಿದರೆ ವಯಸ್ಸಾದವರಿಗೂ ಒಗ್ಗುತ್ತದೆ. ಅವರು ಸೋಲಿಗೆ ಒಂದೆರಡು ರೆಪ್ ಮುಂಚೆ ನಿಲ್ಲಿಸಿದರೆ ಆಯಿತು.

ತೊಡಕು ಎಲ್ಲಿದೆ ಅಂದರೆ, ಆ ಒಂದು ಸೆಟ್ ನಿಜವಾದ ಸೆಟ್ ಆಗಿರಬೇಕು. ಹದಿನಾರನೇ ರೆಪ್‌ನಲ್ಲಿ ಮನಸ್ಸು "ಸಾಕು" ಅನ್ನುತ್ತದೆ, ಸ್ನಾಯುವಿನಲ್ಲಿ ಇನ್ನೂ ಮೂರು ಇರುತ್ತವೆ. ವಾಲ್ಯೂಮ್‌ನಲ್ಲಿ ಒಂದು ಸೆಟ್ ಸೋರಿಹೋದರೆ ಇನ್ನೂ ಹದಿನೇಳು ಇವೆ. ಇಲ್ಲಿ ಒಂದು ಸೋರಿದರೆ ಆ ದಿನ ಖಾಲಿ. ಹೊಸಬರಿಗೆ ನಾನು ಇದನ್ನು ಹೇಳದಿರುವುದು ಇದಕ್ಕೇ. ಎತ್ತುವ ರೀತಿ ಇನ್ನೂ ಮೈಗೂಡಿರದ ಮೊದಲ ಆರು ತಿಂಗಳಲ್ಲಿ ಹೆಚ್ಚು ಸಲ ಮಾಡಿ ಮಾಡಿಯೇ ಕಲಿಯಬೇಕು. ಒಂದೇ ಸೆಟ್‌ನಲ್ಲಿ ಕಲಿಕೆ ಆಗುವುದಿಲ್ಲ.

ಸೋಲುವ ತನಕ ಹೋಗುವುದನ್ನು ಯಾವುದರ ಮೇಲೆ ಮಾಡಬೇಕು ಅನ್ನುವುದೂ ಮುಖ್ಯ. ಲೆಗ್ ಪ್ರೆಸ್, ಲ್ಯಾಟ್ ಪುಲ್‌ಡೌನ್, ಚೆಸ್ಟ್ ಪ್ರೆಸ್ ಮಷಿನ್, ಕರ್ಲ್ ಇವುಗಳ ಮೇಲೆ ಆಗಬಹುದು. ರಾಡ್ ಹೊತ್ತು ಬಸ್ಕಿ ಹೊಡೆಯುವ ಸ್ಕ್ವಾಟ್, ರಾಡನ್ನು ನೆಲದಿಂದ ಎತ್ತುವ ಡೆಡ್‌ಲಿಫ್ಟ್ ಮಾಡುವಾಗ ಬೇಡ.

ಬೆಂಚ್ ಬಗ್ಗೆ ನನ್ನದೇ ಅನುಭವ ಇದೆ. ಒಂದು ಬೆಳಿಗ್ಗೆ ಐದೂವರೆಗೆ ಜಿಮ್‌ನಲ್ಲಿ ಬೇರೆ ಯಾರೂ ಇರಲಿಲ್ಲ. ರಾಡಿಗೆ ಎರಡೂ ಕಡೆ ಕ್ಲಿಪ್ ಹಾಕಿ ಬಿಗಿ ಮಾಡಿದ್ದೆ. ಏಳನೇ ರೆಪ್ ಅರ್ಧದಲ್ಲಿ ನಿಂತು 70 ಕೆಜಿ ಎದೆಯ ಮೇಲೆ ಕೂತಿತು. ಕ್ಲಿಪ್ ಇದ್ದುದರಿಂದ ಒಂದು ಕಡೆ ಬಾಗಿಸಿ ಪ್ಲೇಟ್ ಜಾರಿಸಲೂ ಆಗಲಿಲ್ಲ. ರಾಡನ್ನು ಪಕ್ಕೆಲುಬಿನ ಮೇಲಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಉರುಳಿಸಿ ಎದ್ದು ಕೂತೆ. ಹತ್ತು ದಿನ ಪಕ್ಕೆ ನೋವಿತ್ತು. ಅದು ಕತ್ತಿನ ಮೇಲೆ ಬಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಒಬ್ಬರೇ ಇರುವಾಗ ಬೆಂಚ್‌ನಲ್ಲಿ ಸೋಲುವ ತನಕ ಹೋಗಬೇಡಿ. ಹೋಗಲೇಬೇಕೆಂದರೆ ಸೇಫ್ಟಿ ಕಂಬಿ ಇರುವ ರ‍್ಯಾಕ್ ಒಳಗೆ ಮಾಡಿ, ಇಲ್ಲವೇ ಡಂಬೆಲ್ ಹಿಡಿಯಿರಿ.

ಮೂರನೆಯ ದಾರಿ: ಕಡಿಮೆ ರೆಪ್, ಹೆಚ್ಚು ಭಾರ

ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್, ರಾಡನ್ನು ತಲೆಯ ಮೇಲಕ್ಕೆ ತಳ್ಳುವ ಓವರ್‌ಹೆಡ್ ಪ್ರೆಸ್, ಬಾಗಿ ಹೊಟ್ಟೆಯ ಕಡೆ ಎಳೆಯುವ ರೋ. ಮೂರರಿಂದ ಐದು ಸೆಟ್, ಮೂರರಿಂದ ಐದು ರೆಪ್. ಆದಾಗಲೆಲ್ಲ ಎರಡೂವರೆ ಕೆಜಿ ಏರಿಸುವುದು. ವಾರಕ್ಕೆ ಮೂರು ದಿನ. ಬಲವೇ ಗುರಿಯಾಗಿದ್ದರೆ ಇದೇ ದಾರಿ, ಇದರಲ್ಲಿ ಎರಡು ಮಾತಿಲ್ಲ. ಗಾತ್ರವನ್ನು ಹಗುರ ಭಾರದಲ್ಲೂ, ಸೋಲಿನ ಹತ್ತಿರ ಹೋದರೆ, ಬೆಳೆಸಬಹುದು. ಬಲವನ್ನು ಹಾಗೆ ಅಷ್ಟು ಬೆಳೆಸಲಾಗುವುದಿಲ್ಲ. ಭಾರ ಎತ್ತುವುದನ್ನು ಭಾರ ಎತ್ತಿಯೇ ಕಲಿಯಬೇಕು, ಏಕೆಂದರೆ ಅರ್ಧ ಕೆಲಸ ನರಗಳದ್ದು. ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದರು. ಅಲ್ಲಿ ಎಣಿಕೆಗೆ ಬರುವುದು ಒಂದೊಂದೇ ಸಲದ ಎತ್ತುವಿಕೆ. ಅಂಥವರ ತಾಲೀಮಿನಲ್ಲಿ ಒಂದು ಸೆಟ್‌ಗೆ ರೆಪ್ ಕಡಿಮೆ, ಆದರೆ ಸೆಟ್‌ಗಳು ಬಹಳ. ಭಾರ ಹೆಚ್ಚಾದ ಮಾತ್ರಕ್ಕೆ ಕೆಲಸ ಕಡಿಮೆ ಆಗುತ್ತದೆ ಎಂದೇನಿಲ್ಲ.

ಸಮಯದ ಲೆಕ್ಕದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಭಾರದ ಸೆಟ್ ಆದ ಮೇಲೆ ಮೂರರಿಂದ ಐದು ನಿಮಿಷ ಬಿಡುವು ಬೇಕೇ ಬೇಕು. ಐದು ಸೆಟ್‌ಗೆ 20 ನಿಮಿಷ, ವಾರ್ಮ್‌ಅಪ್ ಸೆಟ್‌ಗಳಿಗೆ ಇನ್ನೊಂದು ಹತ್ತು. ಮೂರು ವ್ಯಾಯಾಮ ಎಂದರೆ ಒಂದೂವರೆ ಗಂಟೆ. ದಿನಗಳು ಕಡಿಮೆ, ಆದರೆ ಆ ದಿನ ಉದ್ದ. ಸಂಜೆ ಏಳು ಗಂಟೆಗೆ ಜಿಮ್‌ನಲ್ಲಿರುವ ಒಂದೇ ರ‍್ಯಾಕನ್ನು ಅರ್ಧ ಗಂಟೆ ಹಿಡಿದುಕೊಂಡರೆ ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಬೆಳಿಗ್ಗೆ ಅಥವಾ ಮಧ್ಯಾಹ್ನ ಹೋಗಲು ಆಗುವವರಿಗೆ ಈ ದಾರಿ ಹೆಚ್ಚು ಒಗ್ಗುತ್ತದೆ.

ದುಡ್ಡಿನ ಮಾತು. ಸ್ಕ್ವಾಟ್ ರ‍್ಯಾಕ್ ಇಲ್ಲದ, ರಾಡ್ ಕಂಬಿಗಳ ನಡುವೆ ಮೇಲೆ ಕೆಳಗೆ ಜಾರುವ ಸ್ಮಿತ್ ಮಷಿನ್ ಮಾತ್ರ ಇರುವ ಜಿಮ್‌ಗಳು ನಮ್ಮಲ್ಲಿ ಬಹಳ ಇವೆ. ಹಾಗಿದ್ದರೆ ಈ ದಾರಿಗೆ ಜಿಮ್ ಬದಲಿಸಬೇಕಾದೀತು, ಫೀಸೂ ಏರೀತು. ಒಳ್ಳೆ ಬೆಲ್ಟ್ ತಕ್ಷಣ ಬೇಕಾಗಿಲ್ಲ. ಮೆತ್ತನೆ ರನ್ನಿಂಗ್ ಶೂ ಮಾತ್ರ ಬೇಡ, ಗಟ್ಟಿ ಚಪ್ಪಟೆ ಅಡಿಯ ಶೂ ಸಾಕು. ನಾನು ಖಂಡಿತ ಕೊಳ್ಳಿ ಎನ್ನುವುದು ಒಂದು ಜತೆ 1.25 ಕೆಜಿ ಪ್ಲೇಟ್. ಎಷ್ಟೋ ಜಿಮ್‌ಗಳಲ್ಲಿ ಎಲ್ಲಕ್ಕಿಂತ ಸಣ್ಣ ಪ್ಲೇಟ್ 2.5 ಕೆಜಿ. ಎರಡೂ ಕಡೆ ಹಾಕಿದರೆ ಒಮ್ಮೆಲೇ 5 ಕೆಜಿ ಏರುತ್ತದೆ. 25 ಕೆಜಿ ಓವರ್‌ಹೆಡ್ ಪ್ರೆಸ್ ಮಾಡುವ ಹೆಣ್ಣುಮಗಳಿಗೆ ಅದು ಐದನೇ ಒಂದು ಭಾಗದ ಜಿಗಿತ. ಯಾರಿಂದಲೂ ಆಗುವುದಿಲ್ಲ. ಬ್ಯಾಗಿನಲ್ಲಿ ಎರಡು ಪುಟ್ಟ ಪ್ಲೇಟ್ ಇದ್ದರೆ ತಿಂಗಳುಗಟ್ಟಲೆ ಸಿಕ್ಕಿಬೀಳುವುದು ತಪ್ಪುತ್ತದೆ.

ಕೀಲುಗಳ ವಿಷಯಕ್ಕೆ ಬರೋಣ. ಸ್ನಾಯು ವಾರಗಳಲ್ಲಿ ಬಲವಾಗುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ. ಎರಡು ವರ್ಷ ವಾಲ್ಯೂಮ್ ಮಾಡಿದವನ ಸ್ನಾಯು ಭಾರಕ್ಕೆ ಬೇಗ ಸಿದ್ಧವಾಗುತ್ತದೆ. ಆ ಸಲೀಸು ನೋಡಿ ವಾರಕ್ಕೆ ಹತ್ತು ಕೆಜಿ ಏರಿಸುತ್ತಾನೆ. ಆರನೇ ವಾರ ಮೊಣಕೈ ಒಳಗಡೆ ನೋವು ಶುರು. ಇದು ನಾನು ಪದೇ ಪದೇ ನೋಡಿದ ಕಥೆ.

ನಾಲ್ಕನೆಯ ದಾರಿ: ಒಂದು ಭಾರದ ಸೆಟ್, ಎರಡು ಹಗುರದ ಸೆಟ್

ಪ್ರತಿ ದೊಡ್ಡ ವ್ಯಾಯಾಮದಲ್ಲಿ ಮೊದಲು ಐದಾರು ರೆಪ್‌ಗಳ ಒಂದು ಭಾರದ ಸೆಟ್, ಒಂದು ರೆಪ್ ಉಳಿಸಿಕೊಂಡು. ಆಮೇಲೆ ಶೇಕಡಾ 15ರಷ್ಟು ಭಾರ ಇಳಿಸಿ ಎಂಟರಿಂದ ಹತ್ತು ರೆಪ್‌ನ ಎರಡು ಸೆಟ್. ಕೈಕಾಲಿನ ಸಣ್ಣ ವ್ಯಾಯಾಮಗಳನ್ನು ಮಷಿನ್ ಮೇಲೆ ಸೋಲುವ ತನಕ. ವಾರಕ್ಕೆ ಮೂರು ನಾಲ್ಕು ದಿನ, ತಲಾ ಒಂದು ಗಂಟೆ.

ನಾನು ಈಗ ಮಾಡುತ್ತಿರುವುದು ಇದು. ಬಲದಲ್ಲಿ ಮೂರನೆಯ ದಾರಿಯಷ್ಟು ವೇಗ ಇಲ್ಲ, ಸಮಯದಲ್ಲಿ ಎರಡನೆಯದರಷ್ಟು ಉಳಿತಾಯ ಇಲ್ಲ. ಆದರೆ ವಾಲ್ಯೂಮ್‌ನಿಂದ ಬರುವವರಿಗೆ ಮೈ ಒಮ್ಮೆಲೇ ಬದಲಾಗಬೇಕಾಗಿಲ್ಲ. ಭಾರ ಎತ್ತುವ ಅಭ್ಯಾಸವೂ ಆಗುತ್ತದೆ, ವಾರದ ಸೆಟ್‌ಗಳೂ ಹತ್ತರ ಹತ್ತಿರ ಉಳಿಯುತ್ತವೆ.

ಹಾಗಾದರೆ ಯಾರಿಗೆ ಯಾವುದು

ಆರು ತಿಂಗಳೂ ಆಗಿರದ ಹೊಸಬರು: ಮೂರನೆಯದು, ಐದು ರೆಪ್‌ನ ಮೂರು ಸೆಟ್. ಸೋಲಿನ ಹತ್ತಿರವೂ ಹೋಗದೆ, ಮಾಸ್ಟರ್ ಕಣ್ಣಿನ ಮುಂದೆ.

ಎರಡು ಮೂರು ವರ್ಷ ವಾಲ್ಯೂಮ್ ಮಾಡಿ ನಿಂತುಹೋದವರು, ನಿದ್ದೆ ಊಟ ಸರಿ ಇರುವವರು: ನಾಲ್ಕನೆಯದು. ಎಂಟು ವಾರವಾದ ಮೇಲೆ ಬಲದ ಹುಚ್ಚು ಹಿಡಿದರೆ ಮೂರನೆಯದಕ್ಕೆ ಹೋಗಿ.

ವಾರಕ್ಕೆ ಎರಡೇ ದಿನ, ನಲವತ್ತೇ ನಿಮಿಷ ಸಿಗುವವರು: ಎರಡನೆಯದು, ಮಷಿನ್‌ಗಳ ಮೇಲೆ. ಚಿಕ್ಕ ಮಕ್ಕಳಿರುವ ತಂದೆತಾಯಿಗಳಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಹೆರಿಗೆಯಾದವರು ಮಾತ್ರ ಡಾಕ್ಟರ್ ಸರಿ ಎಂದ ಮೇಲೆ.

ರಾತ್ರಿ ಪಾಳಿಯವರದು ಬೇರೆಯೇ ಲೆಕ್ಕ. ನಿದ್ದೆ ಮುರಿದ ದೇಹದಲ್ಲಿ ಗರಿಷ್ಠ ಭಾರಕ್ಕೆ ಹೋಗುವುದು ಅಪಾಯ. ಪಾಳಿ ಇರುವ ವಾರಗಳಲ್ಲಿ ಮೊದಲನೆಯ ದಾರಿ, ಆದರೆ ಅರ್ಧ ಸೆಟ್. ಹಗಲು ಕೆಲಸದ ವಾರಗಳಲ್ಲಿ ನಾಲ್ಕನೆಯದು.

ಐವತ್ತು ದಾಟಿದವರಿಗೆ ಹಗುರ ಭಾರವೇ ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುವುದನ್ನು ತಡೆಯಲು ಮೂಳೆಗೆ ಒಂದಿಷ್ಟು ನಿಜವಾದ ಭಾರ ಬೀಳಬೇಕು. ಎರಡನೆಯ ದಾರಿಯಿಂದ ಶುರು ಮಾಡಿ, ಬಲ್ಲವರ ಕೈಕೆಳಗೆ ನಿಧಾನವಾಗಿ ಭಾರದ ಕಡೆ ಬನ್ನಿ.

ಮನೆಯಲ್ಲಿ ಒಂದು ಜತೆ ಡಂಬೆಲ್ ಮಾತ್ರ ಇದ್ದು, ಜಿಮ್ ಫೀಸ್ ಕಟ್ಟಲು ಆಗದವರು ಬೇಸರ ಪಡಬೇಡಿ. ಒಂಟಿ ಕಾಲಿನ ಬಸ್ಕಿ, ಕಾಲು ಎತ್ತರಕ್ಕಿಟ್ಟು ದಂಡ, ಬಾಗಿಲ ಕಂಬಿಗೆ ಪುಲ್‌ಅಪ್. ಇವನ್ನು ಸೋಲಿನ ಹತ್ತಿರ ತನಕ ಮಾಡಿದರೆ ಎರಡನೆಯ ದಾರಿ ಮನೆಯಲ್ಲೇ ಆಗುತ್ತದೆ.

ಊಟದ ಬಗ್ಗೆ ಚಿಕ್ಕದಾಗಿ. ಯಾವ ದಾರಿ ಹಿಡಿದರೂ ಮೈತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 65 ಕೆಜಿ ಇದ್ದರೆ 104 ಗ್ರಾಂ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಹುರುಳಿಕಾಳು 100 ಗ್ರಾಮಿಗೆ 22ರ ಆಸುಪಾಸು, ಸೋಯಾ ಚಂಕ್ಸ್ 50ರ ಆಸುಪಾಸು. ದುಡ್ಡು ಕಡಿಮೆ ಇದ್ದರೆ ಪೌಡರ್ ಡಬ್ಬಕ್ಕಿಂತ ಮೊದಲು ಮೊಟ್ಟೆ, ಸೋಯಾ, ಹಾಲು, ಕಾಳು ಕೊಳ್ಳಿ. ಮುದ್ದೆಗೆ ತಿಳಿಸಾರಿನ ಬದಲು ಹುರುಳಿ ಬಸ್ಸಾರು, ಜತೆಗೆ ಆ ಬಸಿದ ಕಾಳಿನ ಪಲ್ಯ ಇದ್ದರೆ ಅರ್ಧ ಚಿಂತೆ ಕಳೆಯಿತು.

ದಾಟುವುದು ಹೇಗೆ

ಮೊದಲ ವಾರ ಭಾರ ಏರಿಸಬೇಡಿ. ಈಗಿನ ಭಾರವನ್ನೇ ಇಟ್ಟುಕೊಂಡು ಸೆಟ್‌ಗಳನ್ನು ಅರ್ಧ ಮಾಡಿ. ತಿಂಗಳುಗಟ್ಟಲೆ ಸೇರಿದ ದಣಿವು ಇಳಿಯಲಿ. ಎಷ್ಟೋ ಜನಕ್ಕೆ ಈ ಒಂದು ವಾರದಲ್ಲೇ ನಿಂತಿದ್ದ ಬೆಂಚ್ ಅಲುಗಾಡುತ್ತದೆ.

ಎರಡನೇ ವಾರ ಲೆಕ್ಕ ಹಾಕಿ. 60 ಕೆಜಿಯನ್ನು 12 ಸಲ ಮಾತ್ರ ಎತ್ತಬಲ್ಲಿರಿ ಎಂದುಕೊಳ್ಳಿ. ರೆಪ್ಪನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ಭಾರದಿಂದ ಗುಣಿಸಿ. 84 ಬರುತ್ತದೆ. ಅದು ನಿಮ್ಮ ಒಂದು ಸಲದ ಅಂದಾಜು ಗರಿಷ್ಠ. ಅದೇ ಲೆಕ್ಕವನ್ನು ತಿರುಗಿಸಿದರೆ ಐದು ರೆಪ್‌ಗೆ 72 ಕೆಜಿ. ನೀವು ಶುರು ಮಾಡಬೇಕಾದದ್ದು 72ರಲ್ಲಿ ಅಲ್ಲ, 62.5ರಲ್ಲಿ. ಹನ್ನೆರಡು ರೆಪ್‌ನಿಂದ ತೆಗೆದ ಅಂದಾಜು ಸ್ವಲ್ಪ ಆಚೀಚೆ ಇರುತ್ತದೆ, ಮತ್ತೆ ರಜ್ಜುಗಳಿಗೂ ಸಮಯ ಬೇಕು. ಅಲ್ಲಿಂದ ವಾರಕ್ಕೆ ಎರಡೂವರೆ ಕೆಜಿಯಂತೆ ಏರಿದರೆ ನಾಲ್ಕು ವಾರ ಏರಿಸಿದ ಮೇಲೆ 72.5ಕ್ಕೆ ಬಂದಿರುತ್ತೀರಿ, ನೋವಿಲ್ಲದೆ.

ಒಂದು ಪುಸ್ತಕ ಇಡಿ. ಮೊಬೈಲ್ ಆದರೂ ಸರಿ, ಆದರೆ ನನಗೆ ನಲವತ್ತು ರೂಪಾಯಿಯ ನೋಟ್‌ಬುಕ್ಕೇ ಇಷ್ಟ. ತಾರೀಕು, ಭಾರ, ರೆಪ್, ಕೊನೆಗೆ ಎಷ್ಟು ರೆಪ್ ಉಳಿದಿತ್ತು ಎಂಬ ಒಂದು ಅಂಕಿ. ವಾಲ್ಯೂಮ್‌ನಲ್ಲಿ ಬರೆಯದೆಯೂ ನಡೆಯುತ್ತದೆ. ಇಲ್ಲಿ ಹೋದ ವಾರ 65 ಎತ್ತಿದ್ದಿರೋ 67.5 ಎತ್ತಿದ್ದಿರೋ ಗೊತ್ತಿಲ್ಲದಿದ್ದರೆ ಮುಂದಕ್ಕೆ ಹೋಗುವುದು ಹೇಗೆ?

ಎರಡು ಮೂರನೇ ವಾರದಲ್ಲಿ ಕನ್ನಡಿ ನಿಮ್ಮನ್ನು ಹೆದರಿಸುತ್ತದೆ. ಮೈ ಚಪ್ಪಟೆ ಅನ್ನಿಸುತ್ತದೆ, ವ್ಯಾಯಾಮದ ಹೊತ್ತಿಗೆ ಸ್ನಾಯು ಉಬ್ಬುವ ಪಂಪ್ ಸಿಗುವುದಿಲ್ಲ. ದಿನಾ ಇಪ್ಪತ್ತು ಸೆಟ್‌ನಿಂದ ಸ್ನಾಯುವಿನಲ್ಲಿ ನಿಲ್ಲುತ್ತಿದ್ದ ಊತ ಇಳಿದಿರುತ್ತದೆ ಅಷ್ಟೇ, ಸ್ನಾಯು ಎಲ್ಲಿಗೂ ಹೋಗಿರುವುದಿಲ್ಲ. ಈ ಹಂತದಲ್ಲಿ ವಾಪಸ್ ಓಡಿಹೋಗುವವರೇ ಹೆಚ್ಚು. ಆ ವಾರ ಕನ್ನಡಿ ನೋಡಬೇಡಿ, ಪುಸ್ತಕ ನೋಡಿ.

ಎರಡು ನೋವುಗಳ ವ್ಯತ್ಯಾಸ ತಿಳಿದಿರಲಿ. ಸ್ನಾಯುವಿನ ಮಧ್ಯದಲ್ಲಿ ಮಂದವಾಗಿ ಎರಡು ದಿನ ಇರುವುದು ಮಾಮೂಲಿ. ಕೀಲಿನ ಒಂದು ಜಾಗದಲ್ಲಿ ಚುಚ್ಚುವುದು, ಎತ್ತುವಾಗಲೇ ಬರುವುದು, ವಾರವಾದರೂ ಹೋಗದಿರುವುದು ಮಾಮೂಲಿ ಅಲ್ಲ. ಆ ವ್ಯಾಯಾಮ ನಿಲ್ಲಿಸಿ, ತೋರಿಸಿ. ವಿಪರೀತ ವ್ಯಾಯಾಮವಾದ ಮಾರನೇ ದಿನ ಮೈ ಬಿಗಿದು, ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ಬಂದರೆ ಒಂದು ಗಂಟೆಯನ್ನೂ ಕಾಯದೆ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳುವ ಸೂಚನೆ ಅದು.

ಎಂಟು ವಾರ ಕೊಡಿ. ಅಷ್ಟರಲ್ಲಿ ಪುಸ್ತಕದ ಅಂಕಿಗಳು ಏರಿದ್ದರೆ ಮುಂದುವರಿಸಿ. ಮೂರು ವಾರ ಒಂದೇ ಕಡೆ ನಿಂತಿದ್ದು, ನಿದ್ದೆ ಊಟ ಸರಿ ಇದ್ದರೆ, ಪ್ರತಿ ವ್ಯಾಯಾಮಕ್ಕೆ ಒಂದು ಹಗುರ ಸೆಟ್ ಮಾತ್ರ ಸೇರಿಸಿ ನೋಡಿ. ಆ ಚೆಸ್ಟ್ ಡೇ ಹುಡುಗ ಈಗ ಎದೆಗೆ ವಾರಕ್ಕೆ ಎರಡು ದಿನ, ದಿನಕ್ಕೆ ಐದು ಸೆಟ್ ಮಾಡುತ್ತಾನೆ. ಹೋದ ವಾರ 70 ಕೆಜಿಯನ್ನು ಐದು ಸಲ ತಳ್ಳಿದ. ನಾನು ಹಿಂದೆ ನಿಂತು ಸ್ಪಾಟ್‌ಗೆ ಕೈ ಒಡ್ಡಿದ್ದೆ, ಮುಟ್ಟಬೇಕಾಗಲಿಲ್ಲ.